ಬಾಗಿಲ ಈಚೆ ಉಳಿದವರು

ಬೇರೆ ಲೋಕಕ್ಕೆ ತೆರೆಯುವ ಬಾಗಿಲು ಇರುವ ಸಿನಿಮಾ ಯಾವುದೇ ಬರಲಿ, ನಾನು ಬಿಡುವುದಿಲ್ಲ. ಅದು ವರ್ಮ್‌ಹೋಲ್, ಅಂದರೆ ಬಾಹ್ಯಾಕಾಶದ ಎರಡು ದೂರದ ಜಾಗಗಳನ್ನು ಜೋಡಿಸುವ ಸುರಂಗ, ಆಗಬಹುದು, ಪೋರ್ಟಲ್ ಆಗಬಹುದು, ಕಾಡಿನಂಚಿನಲ್ಲಿ ಮಿನುಗುವ ಪರದೆ ಆಗಬಹುದು. ಮೊದಮೊದಲು ನನಗೆ ಬಾಗಿಲೇ ಮುಖ್ಯವಾಗಿತ್ತು. ಅದು ಹೇಗೆ ಕಾಣುತ್ತದೆ, ಒಳಗೆ ಕಾಲಿಟ್ಟರೆ ಏನಾಗುತ್ತದೆ, ಆಚೆ ಏನಿದೆ ಅನ್ನುವುದರಲ್ಲೇ ಕಣ್ಣು. ಈಗೀಗ ಹಾಗಾಗುತ್ತಿಲ್ಲ. ನಾಯಕ ಬಾಗಿಲು ದಾಟಿದ ಕೂಡಲೇ ನನ್ನ ಮನಸ್ಸು ಈಚೆ ನಿಂತವರ ಹತ್ತಿರವೇ ಉಳಿದುಬಿಡುತ್ತದೆ. ಅವರು ಈಗ ಏನು ಮಾಡುತ್ತಿರಬಹುದು? ಎಷ್ಟು ದಿನ ಕಾಯುತ್ತಾರೆ? ಇನ್ನು ಸಾಕು ಅಂತ ಯಾವತ್ತು ಅನ್ನಿಸುತ್ತದೆ? ಕ್ಯಾಮೆರಾ ಅವರನ್ನು ಬಿಟ್ಟು ಓಡಿದಾಗಲೆಲ್ಲ ನನಗೆ ಕಸಿವಿಸಿ.

ಇದು ಶುರುವಾಗಿದ್ದು ರೋಮಿಲಿಯಿಂದ.

ಹಡಗಿನಲ್ಲಿ ಒಬ್ಬನೇ

'ಇಂಟರ್‌ಸ್ಟೆಲ್ಲರ್' ಎಲ್ಲರೂ ನೋಡಿರುತ್ತೀರಿ, ಅಲ್ವಾ? 2014ರ ನವೆಂಬರ್‌ನಲ್ಲಿ ಬಂತು. ಕಥೆ ಹೇಳುವುದಿಲ್ಲ. ಆ ನೀರಿನ ಗ್ರಹ ಮಾತ್ರ ನೆನಪು ಮಾಡಿಕೊಳ್ಳಿ. ಪಕ್ಕದಲ್ಲೇ ಸೂರ್ಯನ 10 ಕೋಟಿ ಪಟ್ಟು ತೂಕದ, ಬೆಳಕನ್ನೂ ಹೊರಗೆ ಬಿಡದ ಕಪ್ಪುರಂಧ್ರ. ಗ್ರಹದ ಮೇಲೆ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ಲೆಕ್ಕ ಹಾಕಿ ನೋಡಿದರೆ ಅಲ್ಲಿನ ಒಂದು ಸೆಕೆಂಡು ಇಲ್ಲಿ ಸುಮಾರು 17 ಗಂಟೆ. ನಾಯಕ ಕೂಪರ್ ಮತ್ತು ಜೊತೆಯವರು ಕೆಳಗೆ ಇಳಿಯುತ್ತಾರೆ, ಬೆಟ್ಟದಂಥ ಅಲೆ ಬರುತ್ತದೆ, ಎಂಜಿನ್‌ಗೆ ನೀರು ನುಗ್ಗುತ್ತದೆ, ಹೇಗೋ ಪಾರಾಗಿ ಮೇಲೆ ಬರುತ್ತಾರೆ. ನಮಗೆ ಅದು ಕೆಲವೇ ನಿಮಿಷಗಳ ದೃಶ್ಯ. ಬಾಹ್ಯಾಕಾಶ ಹಡಗಿನ ಬಾಗಿಲು ತೆರೆದಾಗ, ಅಲ್ಲೇ ಉಳಿದಿದ್ದ ಜೊತೆಗಾರ ರೋಮಿಲಿ ನಿಂತಿದ್ದಾನೆ. ಗಡ್ಡ ನರೆತಿದೆ. ಎಷ್ಟು ಕಾಲ ಆಯಿತು ಅಂದರೆ 23 ವರ್ಷ, 4 ತಿಂಗಳು, 8 ದಿನ ಅನ್ನುತ್ತಾನೆ. ದಿನದ ಲೆಕ್ಕವೂ ಅವನ ಬಾಯಲ್ಲಿದೆ.

ಈ ರೋಮಿಲಿ ಯಾರು ಅಂತ ಮೊದಲೇ ತೋರಿಸಿರುತ್ತಾರೆ. ಕಾಗದ ಮಡಚಿ, ಪೆನ್ನು ತೂರಿಸಿ, ವರ್ಮ್‌ಹೋಲ್ ಅಂದರೆ ಏನು ಅಂತ ಕೂಪರ್‌ಗೆ ಹೇಳಿಕೊಡುವವನು ಅವನೇ. ಹಡಗಿನಲ್ಲಿ ಜಾಸ್ತಿ ಹೆದರುವವನೂ ಅವನೇ. ತನಗೂ ಹೊರಗಿನ ಶೂನ್ಯಕ್ಕೂ ನಡುವೆ ಇರುವುದು ಬರೀ ತೆಳು ಲೋಹದ ಗೋಡೆ ಅಂತ ಅವನಿಗೆ ಮೈ ಬೆವರುತ್ತದೆ. ಆಗ ಕೂಪರ್ ಅವನಿಗೆ ಕಿವಿಗೆ ಹಾಕಿಕೊಳ್ಳಲು ಏನೋ ಕೊಡುತ್ತಾನೆ. ಅದರಲ್ಲಿ ಭೂಮಿಯ ಮಳೆಯ ಸದ್ದು ಇರುತ್ತದೆ. ಅಂಥವನನ್ನು ಆ ತೆಳು ಗೋಡೆಯೊಳಗೆ 23 ವರ್ಷ ಬಿಟ್ಟು ಹೋದರು. ಆ ಮಳೆಯ ಸದ್ದನ್ನು ಅವನು ಎಷ್ಟು ಸಲ ಕೇಳಿರಬಹುದು? ನಿದ್ದೆಯ ಪೆಟ್ಟಿಗೆಯಲ್ಲಿ ಮಲಗಿ ಕಾಲ ಕಳೆಯಬಹುದಿತ್ತಲ್ಲ ಅಂದರೆ, ಕೆಲವು ಸಲ ಮಲಗಿದೆ, ಆಮೇಲೆ ನೀವು ಬರುತ್ತೀರಿ ಅನ್ನುವ ನಂಬಿಕೆ ಹೋಯಿತು, ಬದುಕನ್ನೆಲ್ಲ ಕನಸಿನಲ್ಲೇ ಕಳೆಯುವುದು ಸರಿ ಅನ್ನಿಸಲಿಲ್ಲ ಅನ್ನುತ್ತಾನೆ. ಇಷ್ಟೇ. ಸಿನಿಮಾ ಅವನಿಗೆ ಕೊಟ್ಟ ಸಮಯ ಇಷ್ಟೇ.

ಮರುಕ್ಷಣ ಕ್ಯಾಮೆರಾ ಕೂಪರ್ ಹತ್ತಿರ ಹೋಗುತ್ತದೆ. ಅವನು ಕೂತು 23 ವರ್ಷಗಳ ವಿಡಿಯೊ ಸಂದೇಶಗಳನ್ನು ಒಂದೇ ಸಲ ನೋಡುತ್ತಾನೆ. ಮಗನಿಗೆ ಮದುವೆ ಆಗಿದೆ, ಮಾವ ತೀರಿಕೊಂಡಿದ್ದಾರೆ, ಮಗಳು ತನ್ನಷ್ಟೇ ವಯಸ್ಸಿನವಳಾಗಿದ್ದಾಳೆ. ಎಲ್ಲರೂ ಅಳುವ ದೃಶ್ಯ ಅದು. ನಾನೂ ಅತ್ತಿದ್ದೇನೆ. ಅದು ದೊಡ್ಡ ದೃಶ್ಯ ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಹೊತ್ತಿಗೆ ಹಡಗಿನ ಇನ್ನೊಂದು ಮೂಲೆಯಲ್ಲಿ ರೋಮಿಲಿ ಇದ್ದಾನೆ. ಅಷ್ಟು ವರ್ಷಗಳ ನಂತರ ಮೊದಲ ಸಲ ಬೇರೆ ಮನುಷ್ಯರ ಉಸಿರು ಕೇಳುತ್ತಿದ್ದಾನೆ. ಅವನನ್ನು ಯಾರೂ ಕೂರಿಸಿಕೊಂಡು ಮಾತಾಡಿಸುವುದಿಲ್ಲ. ಮುಂದಿನ ಗ್ರಹದಲ್ಲಿ ಒಂದು ಸ್ಫೋಟದಲ್ಲಿ ಅವನು ಸಾಯುತ್ತಾನೆ. ಕಥೆ ಮುಂದಕ್ಕೆ ಹೋಗುತ್ತದೆ.

ಅಮ್ಮ ಕೇಳಿದ ಪ್ರಶ್ನೆ

ಈ ಸಿನಿಮಾವನ್ನು ಒಮ್ಮೆ ಸಾಗರದ ಮನೆಯಲ್ಲಿ ಅಮ್ಮನ ಜೊತೆ ನೋಡಿದೆ. ಮಳೆಗಾಲ, ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಹಿಡಿಯುವುದಿಲ್ಲ. ಪಕ್ಕದಲ್ಲಿ ಕೂತು ನಾನು ಕಥೆ ಹೇಳುತ್ತಿದ್ದೆ. ಕಪ್ಪುರಂಧ್ರ ಅಂದರೇನು, ಸಮಯ ಯಾಕೆ ನಿಧಾನ ಆಗುತ್ತದೆ ಅಂತ ವಿವರಿಸಲು ಹೊರಟರೆ ಅಮ್ಮ ಕೈ ಅಡ್ಡ ಮಾಡಿದರು. "ಅದೆಲ್ಲ ಇರಲಿ, ಅಲ್ಲಿ ಒಂದು ಗಂಟೆ ಆದ್ರೆ ಇಲ್ಲಿ ಏಳು ವರ್ಷ, ಅಷ್ಟು ಸಾಕು" ಅಂದರು. ಸಂದೇಶಗಳ ದೃಶ್ಯ ಬಂತು. ನಾನು ಕಣ್ಣೊರೆಸಿಕೊಂಡು ಪಕ್ಕಕ್ಕೆ ನೋಡಿದೆ. ಅಮ್ಮ ಏನೋ ಯೋಚನೆ ಮಾಡುತ್ತಾ ಕೂತಿದ್ದರು. ಆಮೇಲೆ ಕೇಳಿದರು: "ಅಲ್ಲ ಕಣೇ, ಆ ಹಡಗಲ್ಲಿ ಒಬ್ಬ ಉಳ್ಕೊಂಡಿದ್ದನಲ್ಲ, ಅವನು ಇಷ್ಟು ವರ್ಷ ಊಟಕ್ಕೆ ಏನ್ ಮಾಡ್ದ? ಯಾರ ಹತ್ರ ಮಾತಾಡ್ದ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿನಿಮಾದಲ್ಲೂ ಇಲ್ಲ.

ಅಣ್ಣ ಅಮೆರಿಕದ ಪೂರ್ವ ತೀರದಲ್ಲಿದ್ದಾನೆ. ಅಲ್ಲಿ ಶನಿವಾರ ರಾತ್ರಿ ಅವನು ಫೋನು ಮಾಡಿದರೆ ನಮಗೆ ಭಾನುವಾರ ಬೆಳಿಗ್ಗೆ. ಬೇಸಿಗೆಯಲ್ಲಿ ಎಂಟು ಗಂಟೆಗೆ ಬರುವ ಫೋನು ನವೆಂಬರ್ ಬಂದರೆ ಒಂಬತ್ತಕ್ಕೆ ಬರುತ್ತದೆ, ಯಾಕೆಂದರೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ. ನನಗೆ ಇದು ಮರೆತುಹೋಗುತ್ತದೆ. ಅಮ್ಮನಿಗೆ ಮರೆಯುವುದಿಲ್ಲ. "ಈ ವಾರದಿಂದ ಅವನಿಗೆ ಒಂದು ಗಂಟೆ ಹಿಂದೆ" ಅಂತ ತಾವೇ ಹೇಳುತ್ತಾರೆ. ತಿಂಡಿ, ಪೂಜೆ, ಪೇಟೆಗೆ ಹೋಗುವುದು, ಎಲ್ಲ ಆ ಒಂದು ಗಂಟೆಗೆ ತಕ್ಕಂತೆ ಸರಿಯುತ್ತದೆ. ಸಾಗರದಲ್ಲಿ ಕೂತ ಹೆಂಗಸಿನ ದಿನಚರಿಯನ್ನು ಇನ್ನೊಂದು ಖಂಡದ ಗಡಿಯಾರ ಎಳೆದಾಡುತ್ತದೆ. ಹೋದವನಿಗೆ ಇದು ಗೊತ್ತೇ ಆಗುವುದಿಲ್ಲ. ಅವನ ಪಾಲಿಗೆ ಅದು ಎಂದಿನ ಶನಿವಾರ ರಾತ್ರಿ. ರೋಮಿಲಿಯ ಊಟದ ಬಗ್ಗೆ ಅಮ್ಮ ಯಾಕೆ ಕೇಳಿದರು ಅನ್ನುವುದು ನನಗೆ ಅರ್ಥವಾಗಿದ್ದು ಇಂಥದ್ದೊಂದು ಭಾನುವಾರವೇ.

ಬೆಲೆ ಕಟ್ಟುವವರು ಯಾರು

ವರ್ಮ್‌ಹೋಲ್ ದಾಟಿದರೆ ವರ್ಷಗಳು ಕಳೆದುಹೋಗುತ್ತವೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 'ಇಂಟರ್‌ಸ್ಟೆಲ್ಲರ್'ನಲ್ಲೂ ಹಾಗಿಲ್ಲ. ಶನಿಗ್ರಹದ ಹತ್ತಿರ ಇರುವ ಆ ಗೋಳದಂಥ ಬಾಗಿಲನ್ನು ಅವರು ಬೇಗನೇ ದಾಟುತ್ತಾರೆ. ಕಾಲವನ್ನು ತಿನ್ನುವುದು ಆಚೆ ಇರುವ ಕಪ್ಪುರಂಧ್ರದ ಗುರುತ್ವ. ಸೆಳೆತ ಹೆಚ್ಚಿದ್ದಲ್ಲಿ ಕಾಲ ನಿಧಾನ. ಇದು ಕಟ್ಟುಕಥೆಯೂ ಅಲ್ಲ. ನಮ್ಮ ಫೋನಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಓಡುತ್ತವೆ. ಅದನ್ನು ಸರಿ ಮಾಡದಿದ್ದರೆ ನಕ್ಷೆ ದಿನಕ್ಕೆ ಕಿಲೋಮೀಟರುಗಟ್ಟಲೆ ತಪ್ಪುತ್ತದೆ. ಮೇಲೆ ಇದ್ದವರಿಗೆ ಒಂದು ಕಾಲ, ಕೆಳಗೆ ಇದ್ದವರಿಗೆ ಇನ್ನೊಂದು.

ಬಾಗಿಲಿನ ಕಥೆ ಬೇರೆ. 1935ರಲ್ಲಿ ಐನ್‌ಸ್ಟೈನ್ ಮತ್ತು ರೋಸೆನ್ ತಮ್ಮ ಸಮೀಕರಣಗಳಲ್ಲಿ ಒಂದು ಸೇತುವೆ ಕಂಡರು. 1957ರಲ್ಲಿ ಭೌತವಿಜ್ಞಾನಿಗಳಾದ ಮಿಸ್ನರ್ ಮತ್ತು ವೀಲರ್ ಇಂಥದ್ದಕ್ಕೆ ವರ್ಮ್‌ಹೋಲ್ ಅಂತ ಹೆಸರಿಟ್ಟರು. 1962ರಲ್ಲಿ ಫುಲ್ಲರ್ ಮತ್ತು ವೀಲರ್ ಲೆಕ್ಕ ಮಾಡಿ, ಐನ್‌ಸ್ಟೈನ್ ಕಂಡ ಆ ಸೇತುವೆ ಬೆಳಕಿಗೂ ದಾಟಲು ಬಿಡದೆ ಮುಚ್ಚಿಕೊಳ್ಳುತ್ತದೆ ಅಂದರು. ವಿಷಯ ಅಲ್ಲಿಗೆ ನಿಂತಂತಿತ್ತು. ಅದಕ್ಕೆ ಮತ್ತೆ ಜೀವ ಬಂದಿದ್ದು ಒಂದು ಕಾದಂಬರಿಯಿಂದ. ಖಗೋಳವಿಜ್ಞಾನಿ ಕಾರ್ಲ್ ಸಗಾನ್ 'ಕಾಂಟ್ಯಾಕ್ಟ್' ಬರೆಯುತ್ತಿದ್ದರು. ನಾಯಕಿಯನ್ನು ದೂರದ ನಕ್ಷತ್ರಕ್ಕೆ ಬೇಗ ಕಳಿಸಬೇಕಿತ್ತು, ಅದಕ್ಕೆ ಕಪ್ಪುರಂಧ್ರ ಬಳಸಿದ್ದರು. ಇದು ನಡೆಯುತ್ತದಾ ಅಂತ ಗೆಳೆಯ, ಭೌತವಿಜ್ಞಾನಿ ಕಿಪ್ ಥಾರ್ನ್ ಅವರನ್ನು ಕೇಳಿದರು. ಕಪ್ಪುರಂಧ್ರ ಬೇಡ, ವರ್ಮ್‌ಹೋಲ್ ಇರಲಿ ಅಂದರು ಥಾರ್ನ್. ಆ ಬಾಗಿಲು ಮುಚ್ಚದಂತೆ ಹಿಡಿದಿಡಲು ಏನು ಬೇಕು ಅನ್ನುವ ಪ್ರಶ್ನೆ ಅವರನ್ನು ಬಿಡಲಿಲ್ಲ. 1988ರಲ್ಲಿ ಶಿಷ್ಯ ಮಾರಿಸ್ ಜೊತೆ ಇದರ ಮೇಲೆ ಪ್ರಬಂಧವೇ ಬಂತು. ಒಳಕ್ಕೆ ಎಳೆಯುವ ಬದಲು ಹೊರಕ್ಕೆ ತಳ್ಳುವ, ಋಣ (ನೆಗೆಟಿವ್) ಶಕ್ತಿಯ ದ್ರವ್ಯ ಬೇಕು ಅನ್ನುವುದು ಅದರ ಸಾರ. ಇದೇ ಥಾರ್ನ್ ಮುಂದೆ 'ಇಂಟರ್‌ಸ್ಟೆಲ್ಲರ್'ಗೆ ವಿಜ್ಞಾನ ಸಲಹೆಗಾರರಾದರು. ಗುರುತ್ವ ತರಂಗಗಳ, ಅಂದರೆ ಬಾಹ್ಯಾಕಾಶದಲ್ಲೇ ಏಳುವ ಅಲೆಗಳ, ಕೆಲಸಕ್ಕೆ 2017ರಲ್ಲಿ ನೊಬೆಲ್ ಹಂಚಿಕೊಂಡರು.

'ಕಾಂಟ್ಯಾಕ್ಟ್' ಸಿನಿಮಾ 1997ರಲ್ಲಿ ಬಂತು. ಅದನ್ನು ನೋಡಲು ಸಗಾನ್ ಇರಲಿಲ್ಲ, ಹಿಂದಿನ ಡಿಸೆಂಬರ್‌ನಲ್ಲೇ ತೀರಿಕೊಂಡಿದ್ದರು. ಇದರಲ್ಲಿ ಕಾಲದ ಲೆಕ್ಕ ಪೂರಾ ಉಲ್ಟಾ. ನಾಯಕಿ ಎಲ್ಲೀ ಒಂದು ಗೋಳದಂಥ ವಾಹನದೊಳಗೆ ಕೂತು ಸುರಂಗಗಳ ಮೂಲಕ ಹಾಯ್ದು, ಆಚೆ ದಡದಲ್ಲಿ ತೀರಿಹೋದ ತಂದೆಯ ರೂಪವನ್ನು ಕಂಡು, ಮಾತಾಡಿ ಬರುತ್ತಾಳೆ. ಅವಳಿಗೆ 18 ಗಂಟೆ ಆಗಿದೆ. ಈಚೆ ನಿಯಂತ್ರಣ ಕೊಠಡಿಯಲ್ಲಿ ಇದ್ದವರು ಕಂಡಿದ್ದು ಗೋಳ ನೆಟ್ಟಗೆ ಕೆಳಗೆ ಬಿದ್ದದ್ದನ್ನು ಮಾತ್ರ. ಕಣ್ಣು ಮಿಟುಕಿಸುವಷ್ಟು ಹೊತ್ತು. ಇಲ್ಲಿ ಯಾರೂ ಕಾಯಲಿಲ್ಲ, ಅದಕ್ಕೇ ಯಾರೂ ನಂಬುವುದಿಲ್ಲ. ನನಗೆ ಇದು ತುಂಬಾ ನಿಜ ಅನ್ನಿಸುತ್ತದೆ. ನಾವು ಕಾದಿದ್ದರೆ ಹೋದವರ ಮಾತಿಗೆ ಒಂದು ತೂಕ ಬರುತ್ತದೆ. ಕೊನೆಗೆ ಇಬ್ಬರು ಅಧಿಕಾರಿಗಳು ತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ: ಅವಳ ಕ್ಯಾಮೆರಾದಲ್ಲಿ ಬರೀ ಗರಗರ, ಆದರೆ ಆ ಗರಗರ 18 ಗಂಟೆಯದು. ಅಂದರೆ ಸಾಕ್ಷಿ ಈಚೆಯವರ ಕೈಯಲ್ಲೇ ಇತ್ತು, ಅವರು ಮುಚ್ಚಿಟ್ಟರು. ಅವಳಿಗೆ ಅದನ್ನು ಹೇಳುವುದಿಲ್ಲ. ಇಡೀ ಸಿನಿಮಾದಲ್ಲಿ ನನ್ನನ್ನು ಕಾಡುವುದು ಆ ಕೋಣೆ.

ನಮ್ಮಲ್ಲಿ ಇಂಥ ಕಥೆ ಹಳೆಯದು. ಭಾಗವತದ ಒಂಬತ್ತನೇ ಸ್ಕಂಧದಲ್ಲಿ ಕಕುದ್ಮಿ ರಾಜ ಮಗಳು ರೇವತಿಗೆ ವರ ಯಾರು ಅಂತ ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಾಯನ ನಡೆಯುತ್ತಿರುತ್ತದೆ, ಒಂದು ಕ್ಷಣ ಕಾಯುತ್ತಾನೆ. ಬ್ರಹ್ಮ ನಕ್ಕು, ನೀನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದವರು, ಅವರ ಮಕ್ಕಳು, ಮೊಮ್ಮಕ್ಕಳು ಯಾರೂ ಈಗ ಇಲ್ಲ, 27 ಚತುರ್ಯುಗ ಕಳೆದಿದೆ ಅನ್ನುತ್ತಾನೆ. ಈ ಕಥೆಯನ್ನು ಐನ್‌ಸ್ಟೈನ್ ಹೇಳಿದ ಕಾಲದ ಲೆಕ್ಕಕ್ಕೆ ಹೋಲಿಸಿ ಹೆಮ್ಮೆ ಪಡುವವರು ಬಹಳ ಜನ. ನಾನು ಕೇಳುವುದು ಬೇರೆ. ರಾಜ ಮತ್ತು ರಾಜಕುಮಾರಿ ಬರಲಿಲ್ಲ ಅಂತ ಕುಶಸ್ಥಲಿಯಲ್ಲಿ ಮೊದಲ ವರ್ಷ ಜನ ಏನು ಮಾಡಿದರು? ಪುರಾಣವೂ ಹೋದವರ ಹಿಂದೆಯೇ ಹೋಗುತ್ತದೆ.

ಹೊರಗೆ ನಿಂತು ಕೇಳಿಸಿಕೊಂಡವರು

ರೋಮಿಲಿ ಹಡಗಿನಲ್ಲಿ ಸುಮ್ನೆ ಕೂತಿರಲಿಲ್ಲ. ಕಪ್ಪುರಂಧ್ರವನ್ನು ಹೊರಗಿನಿಂದ ಗಮನಿಸಿ ಗೊತ್ತಾದಷ್ಟನ್ನು ಬರೆದಿಟ್ಟುಕೊಂಡಿದ್ದ. ಭೂಮಿಗೆ ಕಳಿಸಲು ಮಾತ್ರ ಆಗಲಿಲ್ಲ. ಈ ಮಾತು ಬಂದಾಗಲೆಲ್ಲ ನನಗೆ ಬೆಂಗಳೂರಿನ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ ನೆನಪಾಗುತ್ತಾರೆ. ಬೆಂಗಳೂರಿನ ನೆಹರೂ ತಾರಾಲಯದ ಮೊದಲ ನಿರ್ದೇಶಕರು, ಸಾಹಿತಿ ಸಿ. ಕೆ. ವೆಂಕಟರಾಮಯ್ಯ ಅವರ ಮಗ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಪಿಎಚ್‌.ಡಿ. ಮಾಡಿದ್ದು ವರ್ಮ್‌ಹೋಲ್ ಹೆಸರಿನ ಹಿಂದೆ ಇದ್ದ ಅದೇ ಮಿಸ್ನರ್ ಅವರ ಬಳಿ. ಕಪ್ಪುರಂಧ್ರದ ಒಳಗೆ ಹೋದವರು ಹೊರಗೆ ಬರುವುದಿಲ್ಲ. ಹಾಗಿದ್ದರೆ ಹೊರಗೆ ನಿಂತವರಿಗೆ ಅದರ ಬಗ್ಗೆ ಏನು ಗೊತ್ತಾಗುತ್ತದೆ? ಅದಕ್ಕೆ ಒಂದು ಅಲೆಯನ್ನು ತಾಗಿಸಿ, ತಿರುಗಿ ಏನು ಬರುತ್ತದೆ ಅಂತ ಲೆಕ್ಕ ಹಾಕಿದರು. ದೇವಸ್ಥಾನದ ಗಂಟೆ ಹೊಡೆದ ಮೇಲೆ ನಾದ ಸಣ್ಣಗಾಗುತ್ತಾ ಆರುವ ಹಾಗೆ, ಕಪ್ಪುರಂಧ್ರವೂ ಮಿಡಿದು ಆರುತ್ತದೆ ಅಂತ 1970ರಲ್ಲಿ ತೋರಿಸಿದರು. ಆ ನಾದದಿಂದಲೇ ಅದರ ತೂಕ, ತಿರುಗುವ ವೇಗ ಗೊತ್ತಾಗುತ್ತದೆ.

2015ರ ಸೆಪ್ಟೆಂಬರ್ 14ರಂದು ಲೈಗೋ ಯಂತ್ರಗಳು ಮೊದಲ ಗುರುತ್ವ ತರಂಗ ಹಿಡಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುರಂಧ್ರಗಳು ಒಂದಾದ ಸುದ್ದಿ. ಆ ಸಂಕೇತದ ಬಾಲದಲ್ಲಿ ವಿಶ್ವೇಶ್ವರ ಹೇಳಿದ್ದ ಆರುವ ನಾದ ಇತ್ತು. 45 ವರ್ಷ ಕಾದ ಮೇಲೆ ಬಂದ ಉತ್ತರ. ಅದನ್ನು ಕೇಳಲು ಅವರು ಇದ್ದರು ಅನ್ನುವುದು ನನಗೆ ದೊಡ್ಡ ಸಮಾಧಾನ. 2017ರ ಜನವರಿಯಲ್ಲಿ ತೀರಿಕೊಂಡರು.

ಇನ್ನೊಂದು ಕಾಯುವಿಕೆಯನ್ನು ನಾವೆಲ್ಲ ಕಣ್ಣಾರೆ ನೋಡಿದ್ದೇವೆ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ, ಪೀಣ್ಯದ ಇಸ್ರೋ ನಿಯಂತ್ರಣ ಕೇಂದ್ರ. ಮಂಗಳಯಾನ ಗ್ರಹದ ಕಕ್ಷೆಗೆ ಸೇರುವ ಹೊತ್ತು. ಎಂಜಿನ್ ಉರಿಯುತ್ತಿರುವಾಗಲೇ ನೌಕೆ ಮಂಗಳನ ಹಿಂದೆ ಮರೆಯಾಯಿತು. ಮರೆಯಿಂದ ಹೊರಬಂದರೂ ಸಂಕೇತ ಭೂಮಿಗೆ ತಲುಪಲು 12 ನಿಮಿಷದ ಮೇಲೆ ಬೇಕು. ಅಂದರೆ ಆಗುವುದು ಆಗಿಹೋಗಿದೆ, ಈಚೆ ಇದ್ದವರಿಗೆ ಇನ್ನೂ ಗೊತ್ತಿಲ್ಲ. ನಾನು ಟಿವಿ ಮುಂದೆ ಕಾಫಿ ಲೋಟ ಹಿಡಿದು ನಿಂತೇ ಇದ್ದೆ. ಪರದೆಯ ಮೇಲೆ ಕಂಪ್ಯೂಟರು ನೋಡುತ್ತಾ ಕೂತ ಜನ. ಯಾರೂ ಜಾಸ್ತಿ ಮಾತಾಡುತ್ತಿಲ್ಲ. ಮಂಗಳದ ಹತ್ತಿರದ ಒಂದು ಚಿತ್ರವೂ ಇಲ್ಲ, ಆದರೂ ಕಣ್ಣು ಕೀಳಲು ಆಗಲಿಲ್ಲ. ಆಮೇಲೆ ಒಂದೇ ಸಲಕ್ಕೆ ಚಪ್ಪಾಳೆ, ಅಪ್ಪುಗೆ. ಇದಾಗಿ ಒಂದೂವರೆ ತಿಂಗಳಿಗೆ 'ಇಂಟರ್‌ಸ್ಟೆಲ್ಲರ್' ಬಂತು. ಕಾಯುವವರನ್ನು ತೋರಿಸಿದರೆ ಜನ ನೋಡುವುದಿಲ್ಲ ಅನ್ನುವವರಿಗೆ ನಾನು ಆ ಬೆಳಿಗ್ಗೆಯನ್ನು ನೆನಪಿಸುತ್ತೇನೆ.

ಅವಳು ಕ್ಯಾಮೆರಾ ನೋಡಿ ಮಾತಾಡುತ್ತಾಳೆ

ಈಚೆ ಉಳಿದವರಿಗೆ ನ್ಯಾಯ ಮಾಡಿದ ಸಿನಿಮಾ ನಾನು ನೋಡಿದ್ದರಲ್ಲಿ ಒಂದೇ. 1979ರ 'ಸ್ಟಾಕರ್', ರಷ್ಯಾದ ನಿರ್ದೇಶಕ ತಾರ್ಕೊವ್‌ಸ್ಕಿಯದು. ಸ್ಟ್ರುಗಾಟ್‌ಸ್ಕಿ ಸಹೋದರರ ಕಾದಂಬರಿಯಿಂದ ಹುಟ್ಟಿದ್ದು, ಎಸ್ಟೋನಿಯಾದ ಟಾಲಿನ್ ಸುತ್ತಮುತ್ತ ಚಿತ್ರೀಕರಿಸಿದ್ದು. ಸರ್ಕಾರ ಬೇಲಿ ಹಾಕಿದ ಒಂದು ಜಾಗ, ಹೆಸರು ವಲಯ. ಅದರೊಳಗೆ ಒಂದು ಕೋಣೆ. ಕೋಣೆಗೆ ಹೋದವರ ಮನಸ್ಸಿನ ಆಳದ ಆಸೆ ಈಡೇರುತ್ತದೆ. ಸ್ಟಾಕರ್ ಅಂದರೆ ಕದ್ದು ಒಳಗೆ ಕರೆದೊಯ್ಯುವ ದಾರಿಗಾರ. ಒಬ್ಬ ಬರಹಗಾರ, ಒಬ್ಬ ಪ್ರೊಫೆಸರ್ ಅವನ ಜೊತೆ. ಸಿನಿಮಾದಲ್ಲಿ ಗ್ರಾಫಿಕ್ಸ್ ಇಲ್ಲ. ಹುಲ್ಲು, ನೀರು, ತುಕ್ಕು ಹಿಡಿದ ಕಬ್ಬಿಣ. ಬಟ್ಟೆಯ ಪಟ್ಟಿ ಕಟ್ಟಿದ ನಟ್ಟನ್ನು ಮುಂದೆ ಎಸೆದು, ಅದು ಬಿದ್ದಲ್ಲಿಗೆ ನಡೆಯುತ್ತಾರೆ. ಅಷ್ಟರಲ್ಲೇ ನನ್ನ ಎದೆ ಡವಗುಟ್ಟುತ್ತದೆ. ಬಾಗಿಲವರೆಗೆ ಬಂದು ಮೂವರೂ ಹೊಸ್ತಿಲಲ್ಲೇ ಕೂತುಬಿಡುತ್ತಾರೆ. ಒಳಗೆ ಯಾರೂ ಹೋಗುವುದಿಲ್ಲ.

ಬಹಳ ಜನ ಈ ಹೊಸ್ತಿಲ ದೃಶ್ಯದ ಬಗ್ಗೆ ಬರೆದಿದ್ದಾರೆ. ನನಗೆ ಮುಖ್ಯ ಅನ್ನಿಸುವುದು ಆಮೇಲಿನದು. ಸಿನಿಮಾ ಶುರುವಾಗುವಾಗ ಹೆಂಡತಿ ಹೋಗಬೇಡ ಅಂತ ಬೇಡಿಕೊಂಡು ನೆಲಕ್ಕೆ ಬಿದ್ದು ಹೊರಳಾಡಿರುತ್ತಾಳೆ. ನಡೆಯಲಾಗದ ಮಗಳು ಬೇರೆ. ಅವನು ತಿರುಗಿ ಬಂದ ಮೇಲೆ ಅವಳೇ ಮನೆಗೆ ಕರೆದುಕೊಂಡು ಹೋಗುತ್ತಾಳೆ, ಮಲಗಿಸುತ್ತಾಳೆ. ಜನಕ್ಕೆ ನಂಬಿಕೆಯೇ ಇಲ್ಲ, ಯಾರನ್ನು ಕರೆದೊಯ್ಯಲಿ ಅಂತ ಅವನು ಅಳುತ್ತಾನೆ. ನಾನು ಬರಲಾ, ನನಗೆ ಕೇಳಿಕೊಳ್ಳಲು ಏನೂ ಇಲ್ಲ ಅಂದುಕೊಂಡಿದ್ದೀಯಾ ಅನ್ನುತ್ತಾಳೆ. ಬೇಡ ಅನ್ನುತ್ತಾನೆ, ನಿನಗೂ ಏನೂ ಆಗದೇ ಹೋದರೆ ಅಂತ. ಅವನಿಗೆ ಆ ಭಯ ಇದೆ. ಆಮೇಲೆ ಅವಳು ಬಂದು ಕೂತು, ಸಿಗರೇಟು ಹಚ್ಚಿ, ನೇರ ಕ್ಯಾಮೆರಾ ನೋಡಿ ನಮ್ಮ ಹತ್ತಿರ ಮಾತಾಡುತ್ತಾಳೆ. ಇವನನ್ನು ಕಟ್ಟಿಕೊಳ್ಳಬೇಡ ಅಂತ ಅಮ್ಮ ಹೇಳಿದ್ದು, ಕಷ್ಟ ಇದೆ ಅಂತ ಗೊತ್ತಿದ್ದೇ ಬಂದದ್ದು, ಅಂಜಿದ್ದು, ನೊಂದದ್ದು, ಆದರೂ ಒಂದು ದಿನವೂ ಪಶ್ಚಾತ್ತಾಪ ಪಡದೇ ಇದ್ದದ್ದು. ಎರಡೂವರೆ ಗಂಟೆ ಗಂಡಸರು ಮೂವರು ಬದುಕಿನ ಅರ್ಥ ಚರ್ಚೆ ಮಾಡಿರುತ್ತಾರೆ. ಅಲಿಸಾ ಫ್ರೈಂಡ್ಲಿಖ್ ಅನ್ನುವ ಈ ನಟಿ ಕೆಲವೇ ನಿಮಿಷದಲ್ಲಿ ಅದನ್ನೆಲ್ಲ ಬದಿಗೆ ಸರಿಸಿಬಿಡುತ್ತಾಳೆ. ಕೋಣೆಯವರೆಗೆ ಹೋದವರಿಗೆ ಇಲ್ಲದ ನಂಬಿಕೆ ಮನೆಯಲ್ಲಿ ಉಳಿದವಳಿಗೆ ಇತ್ತು.

2018ರ 'ಅನೈಹಿಲೇಶನ್' ಕೂಡ ಕಾದವಳಿಂದ ಶುರುವಾಗುತ್ತದೆ. ಒಂದು ವರ್ಷ ಸುದ್ದಿ ಇಲ್ಲದ ಗಂಡ ಒಂದು ದಿನ ಮಲಗುವ ಕೋಣೆಯ ಬಾಗಿಲಲ್ಲಿ ನಿಂತಿರುತ್ತಾನೆ. ಎಲ್ಲಿದ್ದೆ ಅಂದರೆ ಗೊತ್ತಿಲ್ಲ. ಬಂದವನು ಹೋದವನೇನಾ ಅನ್ನುವ ಭಯ ಅದರಲ್ಲಿ ಚೆನ್ನಾಗಿ ಬಂದಿದೆ. ಆದರೆ ಸ್ವಲ್ಪ ಹೊತ್ತಿಗೆ ಅವಳೂ ಅವನು ಹೋಗಿದ್ದ ಆ ಮಿನುಗುವ ಪರದೆಯೊಳಗೆ ಹೋಗುತ್ತಾಳೆ, ಸಿನಿಮಾ ಮತ್ತೆ ಪ್ರಯಾಣದ ಸಿನಿಮಾ ಆಗುತ್ತದೆ.

ಕನ್ನಡದಲ್ಲಿ ಇಂಥದ್ದೊಂದು ಬರಲಿ

ವರ್ಮ್‌ಹೋಲ್ ಸಿನಿಮಾ ಅಂದರೆ ಕೋಟಿಗಟ್ಟಲೆ ದುಡ್ಡು ಬೇಕು ಅಂತ ನಮ್ಮವರು ಕೈಚೆಲ್ಲುತ್ತಾರೆ. 'ಇಂಟರ್‌ಸ್ಟೆಲ್ಲರ್'ನ ಬಾಗಿಲು ಮಾಡಲು ದುಡ್ಡು ಬೇಕು, ನಿಜ. ಆದರೆ 2013ರ 'ಕೊಹೆರೆನ್ಸ್' ನೋಡಿ. ಧೂಮಕೇತು ಹಾಯುವ ರಾತ್ರಿ, ಊಟಕ್ಕೆ ಸೇರಿದ ಎಂಟು ಗೆಳೆಯರು, ಬೀದಿಯಾಚೆ ಅವರದೇ ಇನ್ನೊಂದು ಮನೆ. ನಿರ್ದೇಶಕ ಬರ್ಕಿಟ್ ತಮ್ಮ ಸ್ವಂತ ಮನೆಯಲ್ಲೇ ಐದು ರಾತ್ರಿಗಳಲ್ಲಿ ಚಿತ್ರೀಕರಿಸಿದರು. ನಟರಿಗೆ ಪೂರ್ತಿ ಚಿತ್ರಕಥೆ ಕೊಟ್ಟಿರಲಿಲ್ಲ, ಆಯಾ ದಿನಕ್ಕೆ ಬೇಕಾದ ಚೀಟಿ ಮಾತ್ರ. ಹೊರಗೆ ಹೋಗಿ ಬಂದವನು ತಮ್ಮವನೇನಾ ಅಂತ ಒಳಗೆ ಕೂತವರು ದಿಟ್ಟಿಸುವ ಆ ನೋಟಕ್ಕೆ ಯಾವ ಕಂಪ್ಯೂಟರೂ ಬೇಕಾಗಿಲ್ಲ.

ನಮ್ಮ ನಾಟಕದವರಿಗೆ ಇದು ಹೊಸದೂ ಅಲ್ಲ. ಯುದ್ಧ ಎಲ್ಲೋ ಹೊರಗೆ ನಡೆಯುತ್ತದೆ, ರಂಗದ ಮೇಲೆ ಸುದ್ದಿ ಬರುತ್ತದೆ, ಸುದ್ದಿ ಕೇಳಿದವರ ಮುಖದಲ್ಲಿ ನಮಗೆ ಯುದ್ಧ ಕಾಣುತ್ತದೆ. ಅಷ್ಟು ಬಲ್ಲ ನಟ ನಟಿಯರು ನಮ್ಮಲ್ಲಿ ಎಷ್ಟು ಜನ ಇಲ್ಲ! ಯಾರಾದರೂ ಬರೆಯುವುದಾದರೆ ನನ್ನದೊಂದು ಕೋರಿಕೆ. ಹೋಗುವವನು ಹೊರಟ ಮಾರನೇ ದಿನದಿಂದ ಕಥೆ ಶುರುವಾಗಲಿ. ಅಡಿಗೆ, ಸಾಲ, ಕಾಯಿಲೆ, ಮನೆ ರಿಪೇರಿ, ಎಲ್ಲ ಇರಲಿ. ಇನ್ನು ಕಾಯುವುದು ಬೇಡ ಅಂತ ಒಬ್ಬರು, ಕಾಯೋಣ ಅಂತ ಇನ್ನೊಬ್ಬರು ಜಗಳ ಆಡಲಿ. ಮತ್ತೆ ಅವನು ವಾಪಸು ಬಂದ ಕೂಡಲೇ ಸಿನಿಮಾ ಮುಗಿಸಬೇಡಿ. ಅಲ್ಲಿಂದ ಇನ್ನೂ ಅರ್ಧ ಗಂಟೆ ಇರಲಿ. ಆಚೆ ಏನಿತ್ತು ಅಂತ ಅವನು ಹೇಳುವುದು ಐದು ನಿಮಿಷ ಸಾಕು. ಉಳಿದ ಹೊತ್ತೆಲ್ಲ ಈಚೆಯವರು ಮಾತಾಡಲಿ, ಅವನು ಕೂತು ಕೇಳಲಿ.